ಅಪ್ಪನ ಅಂಗಡಿಗೆ ರೇಟ್ ಬೋರ್ಡ್: ಹಳೇ ಲ್ಯಾಪ್‌ಟಾಪ್, ಎರಡು ಡಂಬ್ ಬಫರ್

ತಿಪಟೂರಿನಲ್ಲಿ ಅಪ್ಪನದು ದಿನಸಿ ಅಂಗಡಿ. ಬಾಗಿಲ ಪಕ್ಕ ಒಂದು ಕರಿಹಲಗೆ ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ದರ ಬರೆಯುತ್ತಾರೆ. ಮಳೆಗಾಲದಲ್ಲಿ ಇರಚಲು ಹೊಡೆದು ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿಹೋಗಿರುತ್ತದೆ. ಅಪ್ಪನಿಗೆ ಈಗೀಗ ಭುಜದ ನೋವು ಬೇರೆ, ಕೈ ಎತ್ತಿ ಬರೆಯುವುದು ಕಷ್ಟ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿತ್ತು. 1366×768 ಪರದೆ, 2 ಜಿಬಿ ರ್‍ಯಾಮ್, ಬ್ಯಾಟರಿ ಸತ್ತಿದೆ. ಅದನ್ನೇ ದರದ ಬೋರ್ಡ್ ಮಾಡೋಣ ಅಂತ ಹೊರಟೆ.

ಮೊದಲು ಎಲ್ಲರೂ ಹೇಳುವ ದಾರಿಯನ್ನೇ ಹಿಡಿದೆ. ಬ್ರೌಸರ್ ಹಾಕಿ ಫುಲ್ ಸ್ಕ್ರೀನ್ ಮಾಡಿ ಬಿಟ್ಟೆ. ಸ್ವಿಚ್ ಒತ್ತಿ ದರ ಕಾಣುವಷ್ಟರಲ್ಲಿ 1 ನಿಮಿಷ 50 ಸೆಕೆಂಡ್ ಆಯಿತು. ನಮ್ಮ ಬೀದಿಯಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗಿ ಬರುತ್ತದೆ. ಪ್ರತಿ ಸಲ ಎರಡು ನಿಮಿಷ ಕಪ್ಪು ಪರದೆ ನೋಡುತ್ತಾ ನಿಲ್ಲಲು ಗಿರಾಕಿಗೆ ಆಗುತ್ತದಾ? ಅದಕ್ಕೆ ಡೆಸ್ಕ್‌ಟಾಪೂ ಬೇಡ, ಬ್ರೌಸರೂ ಬೇಡ ಎಂದು ನಿರ್ಧರಿಸಿದೆ. ಲಿನಕ್ಸ್ ಕರ್ನಲ್‌ನ ಡಿಸ್‌ಪ್ಲೇ ಡ್ರೈವರ್ ಹತ್ತಿರ ನೇರವಾಗಿ ಒಂದು ಡಂಬ್ ಬಫರ್ ಕೇಳಿ, ಅದರಲ್ಲಿ ನಾನೇ ಪಿಕ್ಸೆಲ್ ತುಂಬುವುದು.

ಡಂಬ್ ಬಫರ್ ಅಂದರೆ ಇಷ್ಟೇ. ಇಷ್ಟು ಅಗಲ, ಇಷ್ಟು ಎತ್ತರ, ಪಿಕ್ಸೆಲ್‌ಗೆ ಇಷ್ಟು ಬಿಟ್, ಜಾಗ ಕೊಡು ಅಂತ ಡ್ರೈವರ್‌ಗೆ ಕೇಳುತ್ತೇವೆ. ಪರದೆಯ ಮೇಲೆ ತೋರಿಸಬಹುದಾದ ಮೆಮೊರಿಯನ್ನು ಅದು ಕೊಡುತ್ತದೆ. ಜಿಪಿಯು ಅದರಲ್ಲಿ ಏನೂ ಬಿಡಿಸುವುದಿಲ್ಲ, ಸಿಪಿಯುವಿನಿಂದ ನಾವೇ ಬರೆಯಬೇಕು. 2011ರಲ್ಲಿ ಕರ್ನಲ್ 2.6.39ರ ಜೊತೆ ಬಂದದ್ದು ಇದು. ಕಂಪ್ಯೂಟರ್ ಶುರುವಾಗುವಾಗ ಕಾಣುವ ಚಿತ್ರಕ್ಕೆ ಪ್ಲಿಮತ್ ಎಂಬ ಪ್ರೋಗ್ರಾಮ್ ಬಳಸುವುದೂ ಇದನ್ನೇ. ದರದ ಬೋರ್ಡ್‌ಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ಸಲಕರಣೆ: ಸಿ ಭಾಷೆ, ಅದರ ಕಂಪೈಲರ್ ಜಿಸಿಸಿ, ಡಿಸ್‌ಪ್ಲೇ ಡ್ರೈವರ್ ಜೊತೆ ಮಾತಾಡಲು ಲಿಬ್‌ಡಿಆರ್‌ಎಂ ಎಂಬ ಲೈಬ್ರರಿ. ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲದ ಬರೀ ಡೆಬಿಯನ್ ಲಿನಕ್ಸ್. ಹಳೇ ಹಾರ್ಡ್ ಡಿಸ್ಕ್ ಕಿರುಗುಡುತ್ತಿತ್ತು, ತೆಗೆದು 120 ಜಿಬಿ ಎಸ್‌ಎಸ್‌ಡಿ ಹಾಕಿದೆ, ₹1,100. ನಾನಿರುವುದು ಬೆಂಗಳೂರಿನಲ್ಲಿ, ಲ್ಯಾಪ್‌ಟಾಪ್ ಊರಲ್ಲೇ ಇತ್ತು. ಹಾಗಾಗಿ ಮೊದಲ ನಾಲ್ಕು ರಾತ್ರಿ ಕೆಲಸ ಮಾಡಿದ್ದು ಕ್ವೆಮು (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಒಳಗೆ, ವರ್ಟಿಯೋ ಜಿಪಿಯು ಎಂಬ ವರ್ಚುವಲ್ ಕಾರ್ಡ್ ಮೇಲೆ, 1280×800 ಅಳತೆಯಲ್ಲಿ. ಆ ತೀರ್ಮಾನಕ್ಕೆ ಬೆಲೆ ಕಟ್ಟಬೇಕಾಯಿತು. ಅದು ಐದನೇ ದಿನದ ಕಥೆ.

ದಿನ 1

ಡಿಸ್‌ಪ್ಲೇ ಕಾರ್ಡ್‌ಗಳ ಫೈಲ್ ಇರುವ ಡಿಆರ್‌ಐ ಫೋಲ್ಡರ್‌ನಲ್ಲಿ ಎರಡು ಫೈಲ್ ಕಂಡವು, ಕಾರ್ಡ್0 ಮತ್ತು ರೆಂಡರ್‌ಡಿ128. ರೆಂಡರ್ ಎಂದರೆ ಚಿತ್ರ ಬಿಡಿಸುವುದೇ ಅಲ್ವಾ ಅಂತ ಎರಡನೆಯದನ್ನು ತೆರೆದೆ. ಬಫರ್ ಕೇಳಿದ ತಕ್ಷಣ 'ಪರ್ಮಿಷನ್ ಡಿನೈಡ್'. ಎಲ್ಲಾ ಅಧಿಕಾರ ಇರುವ ರೂಟ್ ಆಗಿ ಓಡಿಸಿದೆ, ಅದೇ ಉತ್ತರ. ಒಂದು ಗಂಟೆ ಫೈಲ್ ಪರ್ಮಿಷನ್‌ಗಳನ್ನೇ ತಿರುವಿ ಹಾಕುತ್ತಿದ್ದೆ. ವಿಷಯ ಬೇರೆಯೇ ಇತ್ತು: ಡಂಬ್ ಬಫರ್ ಸಿಗುವುದು ಕಾರ್ಡ್ ಫೈಲ್‌ನಲ್ಲಿ ಮಾತ್ರ, ರೆಂಡರ್ ಫೈಲ್‌ನಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಕಾರ್ಡ್0 ತೆರೆದೆ. ಬಫರ್ ಸಿಕ್ಕಿತು. ಆದರೆ ಪರದೆಗೆ ಹಚ್ಚಲು ಸೆಟ್ ಸಿಆರ್‌ಟಿಸಿ ಕರೆದಾಗ ಮತ್ತೆ 'ಪರ್ಮಿಷನ್ ಡಿನೈಡ್'. ಈ ಸಲದ ಕಾರಣ ಸರಳ. ಕ್ವೆಮು ಒಳಗೆ ಡೆಸ್ಕ್‌ಟಾಪ್ ಓಡುತ್ತಿತ್ತು, ಪರದೆಯ ಯಜಮಾನಿಕೆ ಅದರ ಕೈಯಲ್ಲಿತ್ತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರದ ಕನ್ಸೋಲ್‌ಗೆ ಹೋಗಿ ಓಡಿಸಿದೆ, ದಾಟಿತು.

ದಿನ 2

ಇವತ್ತು ಎರಡು ತಪ್ಪು. ಎರಡೂ ನನ್ನವೇ.

ಬಫರ್ ಕೇಳುವ ಸ್ಟ್ರಕ್ಟ್ ಅನ್ನು, ಅಂದರೆ ಡ್ರೈವರ್‌ಗೆ ಕೊಡುವ ಅರ್ಜಿಯಂಥದ್ದನ್ನು, ಹೆಸರು ಹಾಕದೆ ಸಾಲಾಗಿ ತುಂಬಿದ್ದೆ: 1280, 800, 32. ಬಫರ್ ಬಂತು, ಗಾತ್ರ 40,96,000 ಬೈಟ್. ಕೈಯಲ್ಲಿ ಗುಣಿಸಿ ನೋಡಿದೆ, 1280×800×4, ಸರಿಯಾಗಿಯೇ ಇದೆ. ಮುಂದೆ, ಆ ಬಫರ್ ಅನ್ನು ಪರದೆಗೆ ತೋರಿಸುವ ಫ್ರೇಮ್‌ಬಫರ್ ಆಗಿ ನೋಂದಾಯಿಸಲು ಆಡ್ ಎಫ್‌ಬಿ ಕರೆದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್'. ಬಣ್ಣದ ಆಳ ತಪ್ಪಿರಬೇಕು ಅಂತ 24 ತೆಗೆದು 32 ಹಾಕಿದೆ, ಮತ್ತೆ 24 ಮಾಡಿದೆ. ಹೀಗೇ ಒಂದೂವರೆ ಗಂಟೆ ಹೋಯಿತು. ಕೊನೆಗೆ ಕರ್ನಲ್‌ನ ಡಿಆರ್‌ಎಂ ಡಿಬಗ್ ಆಯ್ಕೆಗೆ 4 ಬರೆದು, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದೆ. ಒಂದೇ ಸಾಲು: ಪಿಚ್ 3200 ಸರಿಯಿಲ್ಲ. ಪಿಚ್ ಅಂದರೆ ಚಿತ್ರದ ಒಂದು ಸಾಲು ಮೆಮೊರಿಯಲ್ಲಿ ಹಿಡಿಯುವ ಬೈಟ್‌ಗಳು.

3200 ಎಲ್ಲಿಂದ ಬಂತು? 800×4. ಅಂದರೆ ಡ್ರೈವರ್ ಅಗಲ 800 ಎಂದುಕೊಂಡಿದೆ. ಹೆಡರ್ ಫೈಲ್ ತೆಗೆದು ನೋಡಿದರೆ ಆ ಸ್ಟ್ರಕ್ಟ್‌ನಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಆಡ್ ಎಫ್‌ಬಿಯ ಸ್ಟ್ರಕ್ಟ್‌ನಲ್ಲಿ ಮಾತ್ರ ಅಗಲ ಮೊದಲು. ಅದಲುಬದಲಾದರೂ ಗುಣಲಬ್ಧ ಒಂದೇ, ಹಾಗಾಗಿ ಗಾತ್ರ ನೋಡಿ ಮೋಸ ಹೋದೆ. ಆವತ್ತಿನಿಂದ ಪ್ರತಿ ಸ್ಟ್ರಕ್ಟ್‌ಗೂ ಡಾಟ್ ಹಾಕಿ ಹೆಸರು ಬರೆದೇ ತುಂಬುತ್ತಿದ್ದೇನೆ.

ಎರಡನೆಯದು ಮ್ಯಾಪ್ ಮಾಡುವಾಗ. ಬಫರ್ ಕೊಟ್ಟಾಗ ಡ್ರೈವರ್ ಒಂದು ಹ್ಯಾಂಡಲ್ ಕೊಡುತ್ತದೆ, ಅದು ಬರೀ ಟೋಕನ್ ನಂಬರ್. ಅದರಿಂದ ನೇರವಾಗಿ ಬರೆಯಲು ಆಗಲ್ಲ. ಆ ಟೋಕನ್ ತೋರಿಸಿ ಮ್ಯಾಪ್ ಡಂಬ್ ಕರೆದರೆ ಒಂದು ಆಫ್‌ಸೆಟ್ ಬರುತ್ತದೆ. ಆ ಆಫ್‌ಸೆಟ್ ಕೊಟ್ಟು ಕಾರ್ಡ್ ಫೈಲ್ ಮೇಲೆ ಎಂಮ್ಯಾಪ್ ಕರೆದಾಗ ಮೆಮೊರಿಯ ವಿಳಾಸ ಸಿಗುತ್ತದೆ. ನಾನು ಆ ಆಫ್‌ಸೆಟ್ ಅನ್ನು 32 ಬಿಟ್‌ನ ಇಂಟ್‌ನಲ್ಲಿ ಇಟ್ಟುಕೊಂಡಿದ್ದೆ. 64 ಬಿಟ್ ಕರ್ನಲ್‌ನಲ್ಲಿ ಈ ಆಫ್‌ಸೆಟ್‌ಗಳು ಶುರುವಾಗುವುದೇ 4 ಜಿಬಿಯ ಆಚೆ. ಮೇಲಿನ ಬಿಟ್‌ಗಳು ಕತ್ತರಿಸಿಹೋಗಿ ಎಂಮ್ಯಾಪ್‌ಗೆ ಬೇರೆ ಯಾವುದೋ ನಂಬರ್ ಹೋಯಿತು, ಅದು 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂದಿತು. ಈ ಆಫ್‌ಸೆಟ್ ಫೈಲ್‌ನೊಳಗಿನ ನಿಜವಾದ ಜಾಗವೂ ಅಲ್ಲ, ರ್‍ಯಾಮ್‌ನ ವಿಳಾಸವೂ ಅಲ್ಲ. ಕರ್ನಲ್ ಗುರುತಿಗೆ ಇಟ್ಟುಕೊಂಡ ಸಂಖ್ಯೆ ಅಷ್ಟೇ, ಕೊಟ್ಟಂತೆಯೇ ವಾಪಸ್ ಕೊಡಬೇಕು. 64 ಬಿಟ್ ಮಾಡಿದೆ, ಪರದೆ ತುಂಬ ಹಸಿರು ಬಂತು. ರಾತ್ರಿ 1:40. ಆ ಹಸಿರು ನೋಡಿ ಆದ ಖುಷಿ ಹೇಳತೀರದು.

ದಿನ 3, 4

ಹಸಿರಿನ ಮೇಲೆ ಗಡಿಯಾರ ಓಡಿಸಲು ಹೋದೆ. ಮೊದಲ ಸಮಯ ಕಂಡಿತು, ಆಮೇಲೆ ನಿಂತೇಹೋಯಿತು. ವರ್ಚುವಲ್ ಕಾರ್ಡ್‌ನಲ್ಲಿ ಬಫರ್ ಇರುವುದು ಒಳಗಿನ ಯಂತ್ರದ ಮೆಮೊರಿಯಲ್ಲಿ. ಇಂಥ ಕಡೆ ಬದಲಾಗಿದೆ ನೋಡು ಅಂತ ಹೊರಗಿನ ಯಂತ್ರಕ್ಕೆ ಡರ್ಟಿ ಎಫ್‌ಬಿ ಕರೆದು ಹೇಳಬೇಕು. ಹೇಳಿದೆ, ಓಡಿತು. ಮೆಮೊರಿ ಉಳಿಸೋಣ ಅಂತ 16 ಬಿಟ್ ಬಫರ್ ಕೇಳಿ ನೋಡಿದೆ. ಆ ಡ್ರೈವರ್ 32 ಬಿಟ್ಟು ಬೇರೆ ಕೊಡುವುದಿಲ್ಲ. ಆ ಯೋಚನೆ ಅಲ್ಲಿಗೇ ಕೈಬಿಟ್ಟೆ.

ದಿನ 5, ತಿಪಟೂರು

ಶನಿವಾರ ಬೆಳಗಿನ ರೈಲಿಗೆ ಊರಿಗೆ ಹೋದೆ. ಕ್ವೆಮುನಲ್ಲಿ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮ್ ಅನ್ನು ಲ್ಯಾಪ್‌ಟಾಪ್‌ಗೆ ಹಾಕಿದೆ. ಡ್ರೈವರ್ ಇಂಟೆಲ್ ಗ್ರಾಫಿಕ್ಸ್‌ನ ಐ915. ಅಪ್ಪ, ಅಮ್ಮ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು. ಪರದೆ ಹತ್ತಿಕೊಂಡಿತು, ಆದರೆ ಇಡೀ ಚಿತ್ರ ಓರೆ. ಎಡ ಅಂಚಿಗೆ ಹಾಕಿದ್ದ 10 ಪಿಕ್ಸೆಲ್ ಅಗಲದ ಕೆಂಪು ಪಟ್ಟಿ ಎಡಗಡೆ ಇರಲೇ ಇಲ್ಲ. ಬಲ ಮೇಲ್ತುದಿಯಿಂದ ಎಡಕ್ಕೆ ಇಳಿಜಾರಾಗಿ ಹರಿದು, ಮತ್ತೆ ಬಲದಿಂದ ಶುರುವಾಗಿ, ಹೀಗೆ ಐದೂವರೆ ಸಲ ಪರದೆ ಸುತ್ತಿತ್ತು. ಅಕ್ಷರಗಳು ಓದಲಿಕ್ಕೇ ಆಗುತ್ತಿರಲಿಲ್ಲ.

"ಪರದೆ ಹೋಗಿದೆ ಅನ್ಸುತ್ತೆ ಕಣೋ" ಅಂದರು ಅಪ್ಪ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ಕನ್ಸೋಲ್‌ನ ಅಕ್ಷರ ಸರಿಯಾಗಿಯೇ ಕಾಣುತ್ತಿತ್ತು.

ಫೋನಿನ ಕ್ಯಾಮೆರಾ ಪರದೆಗೆ ತೀರಾ ಹತ್ತಿರ ಹಿಡಿದು ಜೂಮ್ ಮಾಡಿದೆ. ಕೆಂಪು ಪಟ್ಟಿ ಮೆಟ್ಟಿಲಿನ ಹಾಗೆ ಕಂಡಿತು. ಒಂದೊಂದು ಸಾಲು ಕೆಳಗಿಳಿದಾಗಲೂ ಸರಿಯಾಗಿ 10 ಪಿಕ್ಸೆಲ್ ಎಡಕ್ಕೆ ಸರಿಯುತ್ತಿದೆ. ಫೋಟೋದಲ್ಲಿ ಎಣಿಸಿದೆ, ಮೂರು ಕಡೆ ಎಣಿಸಿದೆ, ಎಲ್ಲಾ ಕಡೆ 10. ಪರದೆಯ ತಳದಲ್ಲಿ ಐದು ಸಾಲು ಪೂರ್ತಿ ಕಪ್ಪು. 10 ಪಿಕ್ಸೆಲ್ ಅಂದರೆ 40 ಬೈಟ್. ನನ್ನ ಲೆಕ್ಕದಲ್ಲಿ ಒಂದು ಸಾಲಿಗೆ 1366×4, ಅಂದರೆ 5464 ಬೈಟ್. ಅದಕ್ಕೆ 40 ಸೇರಿಸಿದರೆ 5504. ಡ್ರೈವರ್ ಕೊಟ್ಟ ಪಿಚ್ ಅನ್ನು ಪ್ರಿಂಟ್ ಮಾಡಿದೆ: 5504.

ಐ915 ಪ್ರತಿ ಸಾಲನ್ನೂ 64 ಬೈಟ್‌ನ ಗುಣಕಕ್ಕೆ ಏರಿಸುತ್ತದೆ. 5464 ಅನ್ನು 64ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಮುಂದಿನ ಗುಣಕ 86×64, ಅದೇ 5504. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ 10 ಪಿಕ್ಸೆಲ್ ಜಾಗ ಇರುತ್ತದೆ. ನಾನು ಸಾಲುಗಳನ್ನು ಒತ್ತೊತ್ತಾಗಿ ಬರೆದಿದ್ದೆ, ಡಿಸ್‌ಪ್ಲೇ ಅದನ್ನು ಬಿಡಿಬಿಡಿಯಾಗಿ ಓದುತ್ತಿತ್ತು. ಬರೆದದ್ದು ಬೇಗ ಮುಗಿದುಹೋಗಿದ್ದಕ್ಕೆ ತಳದ ಐದು ಸಾಲು ಖಾಲಿ ಉಳಿದವು. ಡ್ರೈವರ್ ಸೊನ್ನೆ ತುಂಬಿಯೇ ಬಫರ್ ಕೊಡುವುದರಿಂದ ಅವು ಕಪ್ಪಾಗಿ ಕಂಡವು.

ಕ್ವೆಮುನಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ? ಅಲ್ಲಿ ಪಿಚ್ ಅಗಲದ ನಾಲ್ಕರಷ್ಟೇ, 5120. ನನ್ನ ತಪ್ಪು ಲೆಕ್ಕಕ್ಕೂ ಡ್ರೈವರ್‌ನ ಉತ್ತರಕ್ಕೂ ಅಲ್ಲಿ ವ್ಯತ್ಯಾಸವೇ ಇರಲಿಲ್ಲ. ಪಿಚ್, ಗಾತ್ರ, ಆಫ್‌ಸೆಟ್ ಮೂರನ್ನೂ ಡ್ರೈವರ್ ಹೇಳಬೇಕು, ನಾವು ಲೆಕ್ಕ ಹಾಕಬಾರದು. ಈ ಕೆಲಸದಲ್ಲಿ ನಾನು ಪಟ್ಟ ಪಾಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಮಾತು ಮರೆತದ್ದರಿಂದಲೇ. ಕೋಡ್‌ನಲ್ಲಿ ಅಗಲ ಗುಣಿಸು ನಾಲ್ಕು ಅಂತ ಹನ್ನೊಂದು ಕಡೆ ಇತ್ತು. ಹನ್ನೊಂದನ್ನೂ ಅಳಿಸಿ ಪಿಚ್ ಅಂತ ಬರೆದೆ. ಚಿತ್ರ ನೇರವಾಯಿತು. ಗಾತ್ರವೂ ತಾಳೆಯಾಯಿತು: 5504×768, 42,27,072 ಬೈಟ್.

ದಿನ 6, 7

ಕನ್ನಡ ಅಕ್ಷರ. ಮೊದಲು ಫಾಂಟ್‌ನಿಂದ ಅಕ್ಷರದ ಚಿತ್ರ ಬಿಡಿಸುವ ಫ್ರೀಟೈಪ್ ಒಂದರಿಂದಲೇ ಮುಗಿಸಲು ನೋಡಿದೆ. 'ಅಕ್ಕಿ' ಅಂತ ಕೊಟ್ಟರೆ ಅ, ಕ, ಹಲಂತದ ಗುರುತು, ಮತ್ತೆ ಕ, ಗುಡಿಸು, ಎಲ್ಲಾ ಬೇರೆ ಬೇರೆ ನಿಂತವು. ಅಕ್ಷರಗಳನ್ನು ಕೂಡಿಸಿ ಜೋಡಿಸುವ ಹಾರ್ಫ್‌ಬಜ್ ಸೇರಿಸಿದ ಮೇಲೆ ಒತ್ತು ತನ್ನ ಜಾಗಕ್ಕೆ ಬಂತು. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, 54 ಪಿಕ್ಸೆಲ್.

ಮರುದಿನ ಇನ್ನೊಂದು ತೊಂದರೆ. ಪುಟ ಬದಲಾದಾಗ ಹಳೇ ಅಕ್ಷರ ಅಳಿಸುತ್ತಿದ್ದೆ, ಆದರೆ ಪ್ರತಿ ಸಾಲಿನ ಕೆಳಗೆ ಸಣ್ಣ ಸಣ್ಣ ಕೊಂಡಿಗಳು ಉಳಿಯುತ್ತಿದ್ದವು. ಅವು ಒತ್ತಕ್ಷರಗಳು! ಅಳಿಸುವ ಚೌಕದ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಂದಾಜಿನಲ್ಲಿ ಇಟ್ಟಿದ್ದೆ. ಆಗ ಅಂಗಡಿಯ ಪಟ್ಟಿ ನೋಡಿದೆ: ಅಕ್ಕಿ, ಸಕ್ಕರೆ, ಬೆಲ್ಲ, ಕೊಬ್ಬರಿ, ಉದ್ದಿನಬೇಳೆ, ಎಣ್ಣೆ, ಉಪ್ಪು. ಅಡುಗೆಮನೆಯ ಸಾಮಾನಿಗೆಲ್ಲ ಒತ್ತು ಇದೆ. ಎತ್ತರವನ್ನು ಫಾಂಟ್‌ನಿಂದಲೇ ಕೇಳಿ ಪಡೆದೆ, ಸರಿಹೋಯಿತು.

ದಿನ 8

ಅಕ್ಷರದ ಅಂಚು ನಯವಾಗಿ ಕಾಣಲು ಹಿನ್ನೆಲೆಯ ಬಣ್ಣ ಓದಿ ಬೆರೆಸಬೇಕು. ಪುಟ ಬದಲಾಗುವಾಗ ಇಡೀ ಪರದೆ ನಿಧಾನಕ್ಕೆ ಮಸುಕಾಗುವಂತೆಯೂ ಮಾಡಿದ್ದೆ. ಒಂದು ಸಲ ಪರದೆ ತುಂಬಲು 110 ಮಿಲಿಸೆಕೆಂಡ್ ಹಿಡಿಯುತ್ತಿತ್ತು, ಕಣ್ಣಿಗೆ ಕುಂಟಿದಂತೆ ಕಾಣುತ್ತಿತ್ತು. ಡಂಬ್ ಬಫರ್‌ಗೆ ಬರೆಯುವುದು ಬೇಗ, ಆದರೆ ಅದರಿಂದ ಓದುವುದು ತುಂಬಾ ನಿಧಾನ, ಯಾಕೆಂದರೆ ಆ ಮ್ಯಾಪಿಂಗ್‌ನಲ್ಲಿ ಓದಿದ್ದು ಸಿಪಿಯುವಿನ ಕ್ಯಾಶ್‌ಗೆ ಹೋಗುವುದಿಲ್ಲ. ಸಾಮಾನ್ಯ ಮೆಮೊರಿಯಲ್ಲಿ ಅದೇ ಅಳತೆಯ ಒಂದು ಜಾಗ ಮಾಡಿಕೊಂಡು, ಓದುವುದು ಬೆರೆಸುವುದು ಎಲ್ಲಾ ಅಲ್ಲಿ ಮಾಡಿ, ಕೊನೆಗೆ ಒಟ್ಟಿಗೆ ಕಾಪಿ ಮಾಡಿದೆ. ಕಾಪಿಗೆ 3 ಮಿಲಿಸೆಕೆಂಡ್. ಹೀಗೆ ನೆರಳು ಬಫರ್ ಇಟ್ಟುಕೊಂಡರೆ ಒಳ್ಳೆಯದಾ ಅಂತ ಡ್ರೈವರ್ ಅನ್ನೇ ಕೇಳುವ ಅವಕಾಶವೂ ಇದೆ. ಕೇಳದೆಯೇ ಇಟ್ಟುಕೊಂಡರೂ ನಷ್ಟವಿಲ್ಲ ಅನ್ನುವುದು ನನ್ನ ಅನುಭವ.

ದಿನ 9

ಕೆಳಗೆ ಓಡುವ ಸಾಲು ಮಧ್ಯದಲ್ಲಿ ಹರಿದಂತೆ ಕಾಣುತ್ತಿತ್ತು. ಎರಡು ಡಂಬ್ ಬಫರ್ ಮಾಡಿ, ಒಂದನ್ನು ತೋರಿಸುವಾಗ ಇನ್ನೊಂದಕ್ಕೆ ಬರೆದು ಪೇಜ್ ಫ್ಲಿಪ್, ಅಂದರೆ ಎರಡನ್ನೂ ಅದಲುಬದಲು ಮಾಡಿದೆ. ಫ್ಲಿಪ್ ಮುಗಿದ ಸುದ್ದಿ ಬರುವ ಮೊದಲೇ ಮತ್ತೆ ಕರೆದರೆ 'ಬ್ಯುಸಿ' ಅಂತ ವಾಪಸ್ ಕಳಿಸುತ್ತದೆ. ಸುದ್ದಿ ಬರುವವರೆಗೆ ಕಾಯುವಂತೆ ಬರೆದೆ.

ಇಲ್ಲಿ ಮಾಡಿದ ತಪ್ಪು ಮಾತ್ರ ಅಂಗಡಿಯಲ್ಲಿ ಜಗಳಕ್ಕೇ ಕಾರಣವಾಗಬಹುದಿತ್ತು. ಸಮಯ ಉಳಿಸಲು ಬದಲಾದ ಭಾಗವನ್ನು ಮಾತ್ರ ಕಾಪಿ ಮಾಡುತ್ತಿದ್ದೆ. ಅಕ್ಕಿ ದರ 58ರಿಂದ 60ಕ್ಕೆ ಬದಲಾಯಿಸಿದೆ. ಹೊಸ ದರ ಒಂದು ಬಫರ್‌ಗೆ ಹೋಯಿತು, ಇನ್ನೊಂದರಲ್ಲಿ 58 ಹಾಗೇ ಉಳಿಯಿತು. ಪರದೆಯ ಮೇಲೆ 58, 60, 58, 60 ಅಂತ ಮಿಣಮಿಣ. ಪ್ರತಿ ಫ್ಲಿಪ್‌ಗೂ ಪೂರ್ತಿ ಬಫರ್ ಕಾಪಿ ಮಾಡುವಂತೆ ಬದಲಾಯಿಸಿದೆ. 3 ಮಿಲಿಸೆಕೆಂಡ್ ಉಳಿಸಲು ಹೋಗಿ ಸುಳ್ಳು ದರ ತೋರಿಸುವುದು ಬೇಡ.

ದಿನ 11, ಅಂಗಡಿಯಲ್ಲಿ

ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ ಲ್ಯಾಪ್‌ಟಾಪ್ ಕೂರಿಸಿದೆ, ₹650. ದರ ಬದಲಾಯಿಸಲು ಯುಎಸ್‌ಬಿ ನಂಬರ್ ಪ್ಯಾಡ್, ₹280. ಸಾಮಾನಿನ ಸಂಖ್ಯೆ, ದರ, ಎಂಟರ್, ಅಷ್ಟೇ. ಸ್ವಿಚ್ ಒತ್ತಿದ 14 ಸೆಕೆಂಡ್‌ಗೆ ದರ ಕಂಡಿತು.

ಅಪ್ಪ ರಸ್ತೆಗೆ ಇಳಿದು ನಿಂತು ನೋಡಿದರು. "ಚೆನ್ನಾಗಿದೆ ಮಗ, ಆದರೆ ಇಲ್ಲಿಂದ ಕಾಣಲ್ವಲ್ಲೋ" ಅಂದರು. ನಿಜ. 14 ಇಂಚಿನ ಪರದೆ ರಸ್ತೆಯಿಂದ ಓದಲು ಆಗುವುದಿಲ್ಲ. ಇದನ್ನು ನಾನು ಮೊದಲ ದಿನವೇ ಯೋಚಿಸಬೇಕಿತ್ತು. ಚಿಕ್ಕಪ್ಪನ ಮನೆಯಲ್ಲಿ ಬಳಸದ 32 ಇಂಚಿನ ಟಿವಿ ಇತ್ತು, ಕೊಟ್ಟರು. ಅದಕ್ಕೆ ನನ್ನ ಹತ್ತಿರವಿದ್ದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿದೆ. ಮೈಕ್ರೋ ಎಚ್‌ಡಿಎಂಐ ಕೇಬಲ್ ₹350.

ದಿನ 12

ಪೈಯಲ್ಲಿ ಕಾರ್ಡ್0 ತೆರೆದರೆ ಟಿವಿ ಜೋಡಿಸುವ ಕನೆಕ್ಟರೂ ಇಲ್ಲ, ಡಂಬ್ ಬಫರೂ ಇಲ್ಲ. ಪೈ 4ರಲ್ಲಿ ಚಿತ್ರ ಬಿಡಿಸುವ ವಿ3ಡಿ ಬೇರೆ, ಪರದೆಗೆ ಕಳಿಸುವ ವಿಸಿ4 ಬೇರೆ. ಎರಡಕ್ಕೂ ಒಂದೊಂದು ಕಾರ್ಡ್ ಫೈಲ್. ನನಗೆ ಬೇಕಾದದ್ದು ಕಾರ್ಡ್1 ಆಗಿತ್ತು. ನಂಬರ್ ನಂಬದೆ, ಪ್ರತಿ ಕಾರ್ಡ್ ತೆರೆದು ಡಂಬ್ ಬಫರ್ ಇದೆಯಾ ಅಂತ ಕೇಳಿ, ಹೌದು ಅಂದದ್ದನ್ನೇ ಹಿಡಿಯುವಂತೆ ಬರೆದೆ. ಅಳತೆ 1920×1080, ಪಿಚ್ 7680, ಒಂದು ಬಫರ್ 82,94,400 ಬೈಟ್.

ದಿನ 17, ಬೆಂಗಳೂರಿನಿಂದ

ಅಪ್ಪನ ಫೋನ್: "ಟಿವಿ ಕಪ್ಪಗಿದೆ ಕಣೋ, ಆಫ್ ಮಾಡಿ ಆನ್ ಮಾಡಿದರೂ ಬರ್ತಿಲ್ಲ." ದೂರದಿಂದಲೇ ಲಾಗಿನ್ ಆಗಿ ಲಾಗ್ ನೋಡಿದೆ. ಬಫರ್ ಕೇಳುವ ಕರೆ ಮೆಮೊರಿ ಇಲ್ಲ ಎಂದು ಸೋತಿದೆ. ರ್‍ಯಾಮ್ 1 ಜಿಬಿಗಿಂತ ಜಾಸ್ತಿ ಖಾಲಿ ಇತ್ತು! ಆದರೆ ವಿಸಿ4 ಕೇಳುವುದು ಅಖಂಡವಾದ ಜಾಗ, ಅದು ಬರುವುದು ಸಿಎಂಎ ಎಂಬ ಮೀಸಲು ಭಾಗದಿಂದ. ಇಲ್ಲಿ ಅದು 256 ಎಂಬಿ.

ಟಿವಿ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ನನ್ನ ಪ್ರೋಗ್ರಾಮ್ ಕನೆಕ್ಟರ್ ಮತ್ತೆ ಬಂತು ಎಂದು ಹೊಸದಾಗಿ ಎರಡು ಬಫರ್ ಮಾಡುತ್ತಿತ್ತು. ಹಳೆಯ ಎರಡನ್ನು ಬಿಡುತ್ತಿರಲಿಲ್ಲ. ಒಂದು ಬಫರ್ 8,100 ಕೆಬಿ, ಜೋಡಿಗೆ 16,200. ಹದಿನೈದು, ಹದಿನಾರು ಸಲಕ್ಕೆ ಸಿಎಂಎ ಖಾಲಿ. ಅಪ್ಪ ಮಧ್ಯಾಹ್ನ ಊಟಕ್ಕೆ ಹೋಗುವಾಗ, ರಾತ್ರಿ ಬಾಗಿಲು ಹಾಕುವಾಗ ಟಿವಿ ಆಫ್ ಮಾಡುತ್ತಾರೆ, ಜೊತೆಗೆ ಕೇಬಲ್ ಸಡಿಲವಾಗಿತ್ತು. ಐದು ದಿನ ಸಾಕಾಯಿತು.

ಮೊದಲ ರಿಪೇರಿ: ಡೆಸ್ಟ್ರಾಯ್ ಡಂಬ್ ಕರೆದೆ. ಕರೆ ಗೆದ್ದಿತು, ಆದರೆ ಮೆಮೊರಿ ವಾಪಸ್ ಬರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಆ ಕರೆ ನನ್ನ ಟೋಕನ್ ಮಾತ್ರ ಕಿತ್ತುಕೊಳ್ಳುತ್ತದೆ. ಫ್ರೇಮ್‌ಬಫರ್ ಒಂದು ಕಡೆಯಿಂದ, ಎಂಮ್ಯಾಪ್ ಇನ್ನೊಂದು ಕಡೆಯಿಂದ ಆ ಬಫರ್ ಅನ್ನು ಹಿಡಿದುಕೊಂಡೇ ಇರುತ್ತವೆ. ಮೂವರೂ ಕೈ ಬಿಟ್ಟರೆ ಮಾತ್ರ ಜಾಗ ಖಾಲಿಯಾಗುತ್ತದೆ.

ಎರಡನೆಯ ರಿಪೇರಿ: ಫ್ರೇಮ್‌ಬಫರ್ ತೆಗೆಯುವ ಆರ್‌ಎಂ ಎಫ್‌ಬಿ, ಮ್ಯಾಪ್ ಬಿಡಿಸುವ ಎಂಅನ್‌ಮ್ಯಾಪ್, ಡೆಸ್ಟ್ರಾಯ್, ಮೂರನ್ನೂ ಹಾಕಿ ಆಮೇಲೆ ಹೊಸ ಬಫರ್ ಮಾಡಿದೆ. ಮೆಮೊರಿ ಬಂತು, ಆದರೆ ಪ್ರತಿ ಸಲ ಪರದೆ ಆರಿ ಹತ್ತಿಕೊಳ್ಳುತ್ತಿತ್ತು. ಪರದೆಯ ಮೇಲಿರುವ ಫ್ರೇಮ್‌ಬಫರ್ ಅನ್ನೇ ತೆಗೆದರೆ ಕರ್ನಲ್ ಪರದೆಯನ್ನೂ ಆರಿಸುತ್ತದೆ. ಈಗಿರುವ ಕ್ರಮ: ಅಳತೆ ಬದಲಾಗಿಲ್ಲದಿದ್ದರೆ ಹಳೇ ಬಫರ್‌ಗಳನ್ನೇ ಇಟ್ಟುಕೊಂಡು ಬರೀ ಸೆಟ್ ಸಿಆರ್‌ಟಿಸಿ. ಬದಲಾಗಿದ್ದರೆ ಹೊಸದನ್ನು ಮಾಡಿ ಪರದೆಗೆ ಹಚ್ಚಿದ ಮೇಲೆ ಹಳೆಯದಕ್ಕೆ ಆರ್‌ಎಂ ಎಫ್‌ಬಿ, ಎಂಅನ್‌ಮ್ಯಾಪ್, ಡೆಸ್ಟ್ರಾಯ್. ತಮ್ಮನಿಗೆ ಹೇಳಿ ಟಿವಿಯನ್ನು 40 ಸಲ ಆಫ್ ಆನ್ ಮಾಡಿಸಿದೆ. ಸಿಎಂಎ ಲೆಕ್ಕ ಅಲುಗಾಡಲಿಲ್ಲ.

ಟಿವಿ ಮತ್ತು ಪೈ ಬಿಟ್ಟರೆ ಒಟ್ಟು ಖರ್ಚು ₹2,380. ಅದರಲ್ಲಿ ಎಸ್‌ಎಸ್‌ಡಿ ಮತ್ತು ಚೌಕಟ್ಟು ಈಗ ಬೋರ್ಡ್‌ಗೆ ಬಳಕೆಯಲ್ಲಿಲ್ಲ, ಲ್ಯಾಪ್‌ಟಾಪ್ ಅಮ್ಮನ ಹೊಲಿಗೆ ಲೆಕ್ಕಕ್ಕೆ ಹೋಗಿದೆ. ಕೋಡ್ 640 ಸಾಲು.

ಉಳಿದ ಕೆಲಸ ಒಂದಿದೆ. ಕರೆಂಟ್ ಬಂದಾಗ ಟಿವಿಗಿಂತ ಮೊದಲು ಪೈ ಎದ್ದರೆ ಕನೆಕ್ಟರ್ ಖಾಲಿ ಅನ್ನುತ್ತದೆ. ಈಗ ಪ್ರೋಗ್ರಾಮ್ 5 ಸೆಕೆಂಡ್‌ಗೊಮ್ಮೆ ಕೇಳುತ್ತಾ ಕೂತಿರುತ್ತದೆ. ಅದನ್ನು ತೆಗೆದು, ಟಿವಿ ಬಂದ ಸುದ್ದಿಯನ್ನು, ಸಾಧನ ಬಂದು ಹೋದದ್ದನ್ನು ತಿಳಿಸುವ ಯುಡೆವ್‌ನಿಂದ ಕೇಳಿಸಿಕೊಳ್ಳುವಂತೆ ಮಾಡಬೇಕು. ಮುಂದಿನ ಭಾನುವಾರ ಊರಿಗೆ ಹೋದಾಗ, ಸಡಿಲವಾಗಿರುವ ಕೇಬಲ್‌ಗೂ ಒಂದು ಕ್ಲಿಪ್ ಹಾಕಿ ಬರುತ್ತೇನೆ.